ಕಾಲಿನ ಧಮನಿಯಲ್ಲಿ ಹೆಪ್ಪು: ಬಲೂನೋ, ಹೀರುನಳಿಕೆಯೋ?



ನವಲಗುಂದ, ಕುಂದಗೋಳದ ಕಡೆಯ ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ನಸುಕಿನಲ್ಲಿ ಎದ್ದು 'ಒಂದು ಕಾಲು ಜೋಮು ಹಿಡಿದಿದೆ' ಎಂದರೆ ಆಗುವುದೇನು? ಸೊಸೆ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ ತಿಕ್ಕುತ್ತಾಳೆ, ಮಗ ಬಿಸಿನೀರಿನ ಚೀಲ ತರುತ್ತಾನೆ, ನೆರೆಯವರು ವಾಯುವೆಂದು ತೀರ್ಪು ಕೊಡುತ್ತಾರೆ. ಬಹಳ ಸಲ ಅದು ನಿಜಕ್ಕೂ ಬರೀ ಜೋಮೇ. ಆದರೆ ಆ ಕಾಲು ಇನ್ನೊಂದಕ್ಕಿಂತ ತಣ್ಣಗಾಗಿ, ಬಿಳಿಚಿ, ತಡೆಯಲಾರದ ನೋವು ಕೊಡುತ್ತಿದ್ದರೆ, ಪಾದದ ನಾಡಿ ಬೆರಳಿಗೆ ಸಿಗದಿದ್ದರೆ, ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೆಂದು ಶಂಕಿಸಲೇಬೇಕು. ರಕ್ತ ಕಾಣದ ಸ್ನಾಯು ಸುಮಾರು 6 ಗಂಟೆಗಳಲ್ಲಿ ಸಾಯತೊಡಗುತ್ತದೆ. ಸ್ಪರ್ಶ ಕಳೆದುಕೊಂಡ ಚರ್ಮಕ್ಕೆ ಬಿಸಿನೀರಿನ ಚೀಲ ಸುಟ್ಟರೂ ತಿಳಿಯದು.

ಈ ಹೆಪ್ಪನ್ನು ತೆಗೆಯುವ ಕ್ಯಾಥೆಟರುಗಳಲ್ಲಿ ಹಿರಿಯದು ಫೋಗಾರ್ಟಿ ಬಲೂನು. ಅಮೆರಿಕೆಯ ಸಿನ್ಸಿನಾಟಿಯಲ್ಲಿ ಥಾಮಸ್ ಫೋಗಾರ್ಟಿ ಎಂಬ ತರುಣ, ಶಸ್ತ್ರವೈದ್ಯರ ಕೈಗವಸಿನ ಬೆರಳೊಂದನ್ನು ಕತ್ತರಿಸಿ ತೆಳು ನಳಿಕೆಯ ತುದಿಗೆ ಕಟ್ಟಿದ. ಅಂಟು ಹಿಡಿಯಲಿಲ್ಲ, ಮೀನಿನ ಗಾಳಕ್ಕೆ ಹುಸಿನೊಣ ಕಟ್ಟಲು ಬಾಲ್ಯದಲ್ಲಿ ಕಲಿತ ದಾರದ ಗಂಟೇ ಕೆಲಸಕ್ಕೆ ಬಂತು. 1961ರಲ್ಲಿ ಅದು ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾಯಿತು. ತೊಡೆಸಂದಿಯಲ್ಲಿ ಚಿಕ್ಕ ಗಾಯ ಮಾಡಿ, ನಳಿಕೆಯನ್ನು ಹೆಪ್ಪಿನಾಚೆಗೆ ತೂರಿಸಿ, ಬಲೂನನ್ನು ಉಬ್ಬಿಸಿ ಮೆಲ್ಲನೆ ಹಿಂದಕ್ಕೆಳೆದರೆ ಹೆಪ್ಪು ಜೊತೆಗೇ ಹೊರಬರುತ್ತದೆ. ಅನೇಕ ಸಲ ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟರೆ ಸಾಕು. ಹೃದಯದಿಂದ ಹಾರಿಬಂದ ತಾಜಾ ಹೆಪ್ಪು ಆರೋಗ್ಯವಾದ ಧಮನಿಯಲ್ಲಿ ಸಿಕ್ಕಿದ್ದರೆ ಇದಕ್ಕಿಂತ ತ್ವರಿತವಾದುದು ವಿರಳವೆಂದೇ ನನ್ನ ಎಣಿಕೆ. ದೋಷವೂ ಉಂಟು: ಹೆಚ್ಚು ಉಬ್ಬಿಸಿ ಎಳೆದರೆ ಧಮನಿಯ ಒಳಪದರ ಕಿತ್ತುಬರುತ್ತದೆ.

ತಂಬಾಕು, ಸಕ್ಕರೆಕಾಯಿಲೆಗಳಿಂದ ಮೊದಲೇ ಕಿರಿದಾಗಿದ್ದ ಧಮನಿಯಲ್ಲಿ ಹೆಪ್ಪುಗಟ್ಟಿದಾಗ ಲೆಕ್ಕ ಬೇರೆ. ಅಲ್ಲಿ ಬಲೂನು ಮುಂದೆ ಸಾಗಲು ತಡವರಿಸುತ್ತದೆ. ರಂಧ್ರಗಳುಳ್ಳ ನಳಿಕೆಯನ್ನು ಹೆಪ್ಪಿನೊಳಗಿಟ್ಟು ಕರಗಿಸುವ ಔಷಧಿಯನ್ನು ಹನಿಹನಿಯಾಗಿ ಬಿಡುವ ಕ್ರಮಕ್ಕೆ ಚಾರ್ಲ್ಸ್ ಡಾಟರ್ 1974ರಲ್ಲಿ ದಾರಿ ತೋರಿದರು. ಅದಕ್ಕೆ ಒಂದೆರಡು ದಿನ ಬೇಕು. ಅಷ್ಟು ಕಾಯುವ ಶಕ್ತಿ ಕಾಲಿಗೆ ಇರಬೇಕು. ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ದೊಡ್ಡ ಶಸ್ತ್ರಕ್ರಿಯೆ ಆದವರಿಗೆ ಇದು ರಕ್ತಸ್ರಾವದ ಭಯವುಳ್ಳದ್ದು. ಸೂಜಿರಂಧ್ರದ ಮೂಲಕವೇ ಹೋಗುವ ಹೊಸ ಹೀರುನಳಿಕೆಗಳು ಪಂಪಿನ ಬಲದಿಂದ ಮೆತ್ತನೆಯ ಹೆಪ್ಪನ್ನು ಎಳೆದುಕೊಳ್ಳುತ್ತವೆ, ಜೊತೆಗೆ ಒಂದಿಷ್ಟು ರಕ್ತವನ್ನೂ. ಲವಣಜಲದ ರಭಸದ ಧಾರೆಯಿಂದ ಹೆಪ್ಪನ್ನು ಒಡೆಯುವ ಆಂಜಿಯೋಜೆಟ್ ಕೆಂಪು ರಕ್ತಕಣಗಳನ್ನೂ ಒಡೆಯುವುದರಿಂದ ಮೂತ್ರ ಕೆಂಪಾಗಬಹುದು, ಮೂತ್ರಪಿಂಡಕ್ಕೆ ಹೊರೆಯಾಗಬಹುದು. ತಿರುಗುವ ಸುರುಳಿಯ ರೋಟಾರೆಕ್ಸ್ ಗಟ್ಟಿಯಾದ ಹಳೆಯ ಹೆಪ್ಪನ್ನೂ ಕೊರೆಯಬಲ್ಲದು. ಆದರೆ ಮೊಣಕಾಲಿನ ಕೆಳಗಿನ ಸಣ್ಣ ಧಮನಿಗಳಿಗೆ ತಕ್ಕುದಲ್ಲ. ಇವೆಲ್ಲ ಒಂದೇ ಬಾರಿ ಬಳಸುವಂಥವು, ದುಬಾರಿ. ಕ್ಷಕಿರಣದ ವಿಶೇಷ ಕೊಠಡಿಯೂ ಬೇಕು. ಹೊಸದೆಂಬ ಕಾರಣಕ್ಕೇ ಅದೇ ಬೇಕೆಂದು ಹಟ ಹಿಡಿಯುವ ಮನೆಯವರು, 'ಇದು ಹೃದಯದಿಂದ ಬಂದ ಹೆಪ್ಪೋ, ಇಲ್ಲಿಯೇ ಕಟ್ಟಿದ್ದೋ?' ಎಂದು ವೈದ್ಯರನ್ನು ಮೊದಲು ಕೇಳುವುದು ಲೇಸು.

ಉಪಕರಣ ಯಾವುದೇ ಇರಲಿ, ತಡವಾದರೆ ಫಲ ತಿರುಗುಮುರುಗಾಗುತ್ತದೆ. ಸತ್ತ ಸ್ನಾಯುವಿಗೆ ರಕ್ತ ಮರಳಿ ಹರಿದಾಗ ಅಲ್ಲಿಯ ವಿಷವಸ್ತುಗಳು ಹೃದಯಕ್ಕೂ ಮೂತ್ರಪಿಂಡಕ್ಕೂ ಏರುತ್ತವೆ. ಆಗ ಪ್ರಾಣ ಉಳಿಸಲು ಕಾಲನ್ನೇ ತೆಗೆಯಬೇಕಾದೀತು. ಆದ್ದರಿಂದ 108ಕ್ಕೆ ಕರೆಮಾಡಿ ನೇರ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗೇ ಹೊರಡಿರಿ. 1957ರಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವಾಗಿ ಆರಂಭಗೊಂಡು, ಜನರ ಬಾಯಲ್ಲಿ ಕಿಮ್ಸ್ ಆಗಿರುವ ಸಂಸ್ಥೆ ವಿದ್ಯಾನಗರದಲ್ಲಿದೆ, ಎಸ್.ಡಿ.ಎಂ. ಆಸ್ಪತ್ರೆ ಸತ್ತೂರಿನಲ್ಲಿದೆ. ರಕ್ತನಾಳದ ಶಸ್ತ್ರವೈದ್ಯರು ಆ ಹೊತ್ತಿಗೆ ಲಭ್ಯರೇ ಎಂದು ದಾರಿಯಲ್ಲೇ ದೂರವಾಣಿಯಿಂದ ವಿಚಾರಿಸಿರಿ. ಕಾಲು ಕೊನೆಯ ಬಾರಿ ಸರಿಯಿದ್ದುದು ಎಷ್ಟು ಗಂಟೆಗೆ, ಊಟ ಮಾಡಿದ್ದು ಯಾವಾಗ, ಸೇವಿಸುತ್ತಿರುವ ಮಾತ್ರೆಗಳು ಯಾವುವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರೆ ಬಹಳ ಉಪಕಾರ.

ಹೆಪ್ಪು ಹೊರಬಂದ ಮೇಲೆ ಇ.ಸಿ.ಜಿ., ಎಕೋ ಪರೀಕ್ಷೆಗಳಿಗೆ ಬೇಸರಿಸಬೇಡಿರಿ. ಹೃದಯದ ಮಿಡಿತದ ಲಯ ತಪ್ಪಿದ್ದರೆ, ಇಲ್ಲವೆ ಬಾಲ್ಯದ ಕೀಲುಜ್ವರದಿಂದ ಕವಾಟ ಕೆಟ್ಟಿದ್ದರೆ, ಇನ್ನೊಂದು ಹೆಪ್ಪು ಮಿದುಳಿಗೇ ಹಾರಬಹುದು. ಅಂಥವರಿಗೆ ವಾರ್ಫರಿನ್ ಕೊಟ್ಟಿದ್ದರೆ ಗೊತ್ತಾದ ಹೊತ್ತಿಗೆ ತಪ್ಪದೆ ಸೇವಿಸಬೇಕು, ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಬೇಕು. ಪುಂಡಿ, ಮೆಂತ್ಯ ಮುಂತಾದ ಸೊಪ್ಪುಗಳನ್ನು ಬಿಡಬೇಕಿಲ್ಲ. ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲವೆಂಬಂತೆ ತಿನ್ನಬಾರದು, ಅಷ್ಟೆ.