ಸುಭಾಷಿತವನ್ನೂ ಪದಬಂಧದ ಹಾಗೆ ಬಿಡಿಸೋಣ



ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎರಡು ಕಡೆ ಗುಂಪು ಸೇರುತ್ತದೆ. ಒಂದು, ಆಫೀಸ್ ರೂಮಿನ ಹೊರಗಿರುವ ಕರಿಹಲಗೆ ಮುಂದೆ. ಅಲ್ಲಿ ದಿನಕ್ಕೊಂದು ಸುಭಾಷಿತ ಬರೆಯುತ್ತಾರೆ. ಇನ್ನೊಂದು, ಪೇಪರ್ ಇಡುವ ಮೇಜಿನ ಹತ್ತಿರ. ಅಲ್ಲಿ ಪದಬಂಧದ ಪುಟಕ್ಕೆ ಕಿತ್ತಾಟ. ನನಗೆ ಎರಡೂ ಇಷ್ಟ. ಸುಭಾಷಿತ ಓದಿದರೆ ಮನಸ್ಸಿಗೆ ಏನೋ ಒಂದು ಹುರುಪು ಬರುತ್ತೆ. ಪದಬಂಧದಲ್ಲಿ ಒಂದು ಪದ ಹೊಳೆದರೆ ಸಂತೆಯಲ್ಲಿ ದುಡ್ಡು ಸಿಕ್ಕಿದಷ್ಟು ಖುಷಿ. ಆದರೆ ಈ ಎರಡನ್ನೂ ನಾವು ಒಂದೇ ರೀತಿ ನೋಡ್ತಾ ಇಲ್ಲ ಅನ್ನೋದು ನನಗೆ ಹೋದ ತಿಂಗಳು ಗೊತ್ತಾಯಿತು. ಅದನ್ನು ಹೇಳೋಕೇ ಈ ಲೇಖನ.

ಆವತ್ತು ಸುಭಾಷಿತ ಬರೆಯುವ ಸರದಿ ನನ್ನದು. ಹಿಂದಿನ ರಾತ್ರಿ ಮರೆತುಬಿಟ್ಟಿದ್ದೆ. ಬೆಳಿಗ್ಗೆ ಓಡಿ ಬಂದು, ನೆನಪಿಗೆ ಬಂದದ್ದನ್ನು ಬರೆದೆ: 'ಕೈ ಕೆಸರಾದರೆ ಬಾಯಿ ಮೊಸರು'. ಕೆಳಗೆ ಯಾರದಾದರೂ ಹೆಸರು ಇಲ್ಲದಿದ್ದರೆ ಚೆನ್ನಾಗಿ ಕಾಣಲ್ಲ ಅನ್ನಿಸಿತು. 'ಸ್ವಾಮಿ ವಿವೇಕಾನಂದ' ಅಂತ ಬಣ್ಣದ ಚಾಕ್‌ಪೀಸಿನಲ್ಲಿ ಬರೆದೆ. ಎಲ್ಲರೂ ಓದಿದರು. ಕೆಲವರು ನೋಟ್‌ಬುಕ್ಕಿಗೂ ಇಳಿಸಿಕೊಂಡರು. ಅಕ್ಷರ ಮುದ್ದಾಗಿದೆ ಎಂದು ಮೇಡಂ ಮೆಚ್ಚಿದರು. ಯಾರೂ ಏನೂ ಕೇಳಲಿಲ್ಲ.

ಮಧ್ಯಾಹ್ನ ಬಿಸಿಯೂಟ ಮಾಡುವ ಅಕ್ಕ ಪಾತ್ರೆ ತೊಳೆದು ಬರ್ತಾ ಹಲಗೆ ಮುಂದೆ ನಿಂತರು. ಅವರಿಗೆ ಓದೋಕೆ ಬರಲ್ಲ. 'ಏನವ್ವಾ ಬರ್ದಿದೀಯಾ, ಓದು ಕೇಳೋಣ' ಅಂದರು. ಓದಿದೆ, ಹೆಸರನ್ನೂ ಓದಿದೆ. ಅವರು ನಕ್ಕುಬಿಟ್ಟರು. 'ಅಯ್ಯೋ, ಅದು ಗಾದೆ ಅಲ್ವೇನೆ? ನಮ್ಮವ್ವ ಕಳೆ ಕೀಳುವಾಗ ದಿನಾ ಹೇಳೋಳು' ಅಂದರು. ಹೋಗ್ತಾ ಹೋಗ್ತಾ ತಿರುಗಿ ಇನ್ನೊಂದು ಮಾತು ಕೇಳಿದರು: 'ಅಲ್ಲವ್ವಾ, ಕೈ ಕೆಸರು ಮಾಡ್ಕೊಂಡೋರಿಗೆಲ್ಲಾ ಮೊಸರು ಸಿಗುತ್ತೇನೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಸ್ಟರ್ ತೆಗೆದುಕೊಂಡು ವಿವೇಕಾನಂದರ ಹೆಸರು ಅಳಿಸಿದೆ. ಸುಮಾರು ನೂರು ಜನ ಓದಿದ ಸುಳ್ಳನ್ನು ಓದು ಬಾರದ ಒಬ್ಬರು ಹಿಡಿದುಬಿಟ್ಟರಲ್ಲ ಎಂದು ನಾಚಿಕೆಯಾಯಿತು. ಅವರ ಪ್ರಶ್ನೆ ಮಾತ್ರ ಅಳಿಸಿ ಹೋಗಲಿಲ್ಲ.

ಅದೇ ಸಂಜೆ ಪದಬಂಧ ಬಿಡಿಸಲು ಕೂತಾಗ ನನಗೆ ವ್ಯತ್ಯಾಸ ಹೊಳೆಯಿತು. ಪದಬಂಧದಲ್ಲಿ ಬಾಯಿಗೆ ಬಂದ ಪದ ತುಂಬೋಕೆ ಆಗಲ್ಲ. ಎಡದಿಂದ ಬಲಕ್ಕೆ ಬರೆದ ಪದವನ್ನು ಮೇಲಿನಿಂದ ಕೆಳಕ್ಕೆ ಬರುವ ಪದ ತಡೆದು ನಿಲ್ಲಿಸಿ, 'ನೀನು ಸರಿಯೋ?' ಅಂತ ಕೇಳುತ್ತೆ. ಕನ್ನಡದಲ್ಲಂತೂ ಇದು ಇನ್ನೂ ಬಿಗಿ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿ ಒಂದು ಮನೆಗೆ ಕಾಗುಣಿತ, ಒತ್ತು ಎಲ್ಲಾ ಸೇರಿದ ಪೂರ್ತಿ ಅಕ್ಷರ. 'ಕಸ್ತೂರಿ' ಅಂದರೆ ಮೂರೇ ಮನೆ: ಕ, ಸ್ತೂ, ರಿ. 'ಸ್ತೂ' ಬದಲು 'ಸ್ತು' ಬರೆದರೆ ಅಡ್ಡ ಬರುವ ಪದ ಒಪ್ಪಲ್ಲ. 'ಹಳ್ಳಿ' ಬರೆಯುವ ಕಡೆ 'ಹಲ್ಲಿ' ಬರೆದರೂ ಸಿಕ್ಕಿಬೀಳ್ತೀವಿ. ಹಕಾರಕ್ಕೆ ಅಕಾರ ಬರೆಯುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆ ಕಾಪಿ ಪುಸ್ತಕ ಬೇಕಾ?

ಆವತ್ತಿನ ಪದಬಂಧದಲ್ಲಿ ಒಂದು ಸುಳಿವು ಹೀಗಿತ್ತು: 'ಎತ್ತಿನ ಬಾಯಿಗೆ ಕಟ್ಟುವುದು (2)'. ನಾನು ಥಟ್ಟನೆ 'ಹಗ್ಗ' ಎಂದು ಬರೆದೆ. ಆದರೆ ಮೇಲಿನಿಂದ ಕೆಳಕ್ಕೆ 'ಕುಂಕುಮ' ಬಂದಿತ್ತು. ಅದರ ನಡುವಿನ 'ಕು'ವಿನಿಂದಲೇ ಈ ಪದ ಶುರುವಾಗಬೇಕು. ಹಗ್ಗ ಅಳಿಸಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಜಗಲಿ ಮೇಲೆ ಕೂತಿದ್ದ ತಾತ, 'ಏನವ್ವಾ ಅಷ್ಟೊತ್ತಿಂದ?' ಅಂದರು. ಹೇಳಿದೆ. 'ಕುಕ್ಕೆ ಕಣವ್ವ ಅದು! ರಾಗಿ ಹೊಲದಲ್ಲಿ ಎಡೆಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಂಗೆ ಕಟ್ತಿದ್ವಲ್ಲ' ಅಂದರು. ನಮ್ಮ ಮನೆಯಲ್ಲಿ ಈಗ ಎತ್ತಿಲ್ಲ, ಬಾಡಿಗೆ ಟ್ರ್ಯಾಕ್ಟರ್ ಬರುತ್ತೆ. ಎತ್ತು ಹೋದ ಮೇಲೆ ಆ ಪದವೂ ಮನೆ ಬಿಟ್ಟು ಹೋಗಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ತಾತನಿಗೆ ಆವತ್ತು ಎಷ್ಟು ಸಂತೋಷ ಆಯಿತು ಅಂದರೆ, ಈಗ ದಿನಾ ಸಂಜೆ ಅವರೇ ಕರೀತಾರೆ: 'ತಗಂಬಾರವ್ವ ಆ ಚೌಕದ್ದು.'

ಕೆಲವು ಗೆಳೆಯರು, ಕೆಲವು ದೊಡ್ಡವರೂ ಕೇಳುತ್ತಾರೆ: 'ಪದಬಂಧ ಬಿಡಿಸಿದರೆ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಕೊಡ್ತಾರಾ? ಟೈಮ್ ವೇಸ್ಟ್.' ಈ ಮಾತು ಹೊಸದೇನಲ್ಲ. ಈಗಿನ ರೀತಿಯ ಪದಬಂಧದ ಹುಟ್ಟಿಗೆ ಕಾರಣರಾದವರು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತರು. ಅವರು ರಚಿಸಿದ ಒಗಟು 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂತು. ಅದು ಚೌಕವಾಗಿರಲಿಲ್ಲ, ಇಸ್ಪೀಟಿನ ಡೈಮಂಡ್ ಆಕಾರದಲ್ಲಿತ್ತು. ಅವರು ಇಟ್ಟ ಹೆಸರು 'ವರ್ಡ್-ಕ್ರಾಸ್'. ಕೆಲವೇ ವಾರಗಳಲ್ಲಿ ಅಚ್ಚಿನಲ್ಲಿ ಹಿಂದುಮುಂದಾಗಿ 'ಕ್ರಾಸ್-ವರ್ಡ್' ಆಯಿತು, ಹಾಗೇ ಉಳಿಯಿತು! 1924ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಇದನ್ನು ಕಾಲಹರಣ ಎಂದು ಟೀಕಿಸಿತು. ಅದೇ ಪತ್ರಿಕೆ 1942ರ ಫೆಬ್ರವರಿಯಲ್ಲಿ, ಮಹಾಯುದ್ಧದ ನಡುವೆ, ತಾನೇ ಪದಬಂಧ ಹಾಕಲು ಶುರುಮಾಡಿತು. ಅಷ್ಟು ದೂರ ಯಾಕೆ, ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿ ಹೆಸರಾದ ಅ.ನಾ. ಪ್ರಹ್ಲಾದರಾವ್ ಅವರು ಕೋಲಾರ ಜಿಲ್ಲೆಯ ಅಬ್ಬಣಿ ಎಂಬ ಹಳ್ಳಿಯವರು. ಪದದ ಹುಚ್ಚು ಪಟ್ಟಣದವರಿಗೇ ಮೀಸಲು ಅಂತ ಯಾರು ಹೇಳಿದರು?

ಆದರೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಕೆಲವರು (ನಾನೂ ಎರಡು ಸಲ ಮಾಡಿದ್ದೇನೆ) ಮಾರನೇ ದಿನ ಬರುವ ಉತ್ತರ ನೋಡಿಕೊಂಡು, ಹಳೇ ಪೇಪರಿನ ಚೌಕ ತುಂಬಿ, 'ನೋಡು, ಪೂರ್ತಿ ಬಿಡಿಸಿದೆ' ಅಂತ ತೋರಿಸ್ತೀವಿ. ಮನೆಗಳೇನೋ ತುಂಬಿರುತ್ತವೆ, ತಲೆಗೆ ಒಂದು ಪದವೂ ಹೋಗಿರಲ್ಲ. ಸುಭಾಷಿತದಲ್ಲಿ ನಾವು ದಿನಾ ಮಾಡ್ತಿರೋದು ಇದನ್ನೇ ಅಲ್ಲವೇ? ಯಾರೋ ಬಿಡಿಸಿಟ್ಟ ಉತ್ತರ ಇಳಿಸಿಕೊಳ್ಳುವುದು. ಯಾರು ಹೇಳಿದರು, ಎಲ್ಲಿ ಹೇಳಿದರು, ನಿಜವೋ ಅಲ್ಲವೋ ಯಾವುದೂ ಕೇಳುವುದಿಲ್ಲ.

ಈಗಂತೂ ಮೊಬೈಲಿನಲ್ಲಿ ಬೆಳಿಗ್ಗೆ ಎದ್ದರೆ ಹೂವಿನ ಚಿತ್ರದ ಜೊತೆ ಹತ್ತು ಸುಭಾಷಿತ ಬಂದಿರುತ್ತವೆ. ಅಪ್ಪನ ಫೋನಿಗೆ ಗಾಂಧೀಜಿ ಹೆಸರಿನಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ: ಜಗತ್ತಿನಲ್ಲಿ ಯಾವ ಬದಲಾವಣೆ ನೋಡಬೇಕು ಅಂತೀಯೋ ಅದು ನೀನೇ ಆಗು, ಅಂತ. ಗಾದೆಯಲ್ಲಿ ಸಿಕ್ಕಿಬಿದ್ದ ಮೇಲೆ ಮೇಡಂ ಸಹಾಯದಿಂದ ಇದನ್ನೂ ಹುಡುಕಿದೆ. ಇದೇ ಮಾತುಗಳಲ್ಲಿ ಗಾಂಧೀಜಿ ಬರೆದದ್ದು ಹುಡುಕಿದವರಿಗೆ ಸಿಕ್ಕಿಲ್ಲವಂತೆ. 1913ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ, ನಾವು ಬದಲಾದರೆ ಲೋಕದ ರೀತಿಯೂ ಬದಲಾಗುತ್ತದೆ ಎನ್ನುವ ಅರ್ಥದ ಮಾತು ಬರೆದಿದ್ದಾರೆ. ಅರ್ಥ ಹತ್ತಿರ, ಮಾತು ಬೇರೆ. ಆಡದ ಮಾತನ್ನು ಅವರ ಬಾಯಿಗೆ ಹಾಕಲು ನಮಗೇನು ಹಕ್ಕು?

ನಮ್ಮ ಹಿಂದಿನವರು ಈ ವಿಷಯದಲ್ಲಿ ಜಾಣರು. ವಚನಗಳಿಗೆ ಅಂಕಿತ ಇಟ್ಟರು. ಕೂಡಲಸಂಗಮದೇವ ಅಂದರೆ ಬಸವಣ್ಣನವರು, ಗುಹೇಶ್ವರ ಅಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕಮಹಾದೇವಿ. ಸರ್ವಜ್ಞ ಮೂರು ಸಾಲಿನ ತ್ರಿಪದಿಯ ಕೊನೆಗೆ ತನ್ನ ಹೆಸರನ್ನೇ ಕೂರಿಸಿದ. ಅಂಕಿತ ಅನ್ನೋದು ಪದಬಂಧದಲ್ಲಿ ಅಡ್ಡ ಬರುವ ಪದ ಇದ್ದ ಹಾಗೆ. ಬಸವಣ್ಣನವರದು ಅಂತ ಬಂದದ್ದರಲ್ಲಿ ಅಂಕಿತವೇ ಕಾಣದಿದ್ದರೆ, ಅರ್ಧ ಕತ್ತರಿಸಿದ್ದಾರೋ, ಅವರದೇ ಅಲ್ಲವೋ ಎಂದು ಪುಸ್ತಕ ತೆಗೆದು ನೋಡಬೇಕು. ನಮ್ಮ ಶಾಲೆಯ ಬೀರುವಿನಲ್ಲಿ ವಚನದ ಪುಸ್ತಕ ಇದೆ. ಬೀಗ ತೆಗೆಸಬೇಕು, ಅಷ್ಟೇ.

ಅದಕ್ಕೇ ನನ್ನ ಮೂರು ಸಲಹೆಗಳು. ಮೊದಲನೆಯದು, ಸುಭಾಷಿತ ಬರೆಯುವವರು ಯಾವ ಪುಸ್ತಕದಿಂದ ತೆಗೆದದ್ದು ಅಂತ ಕೆಳಗೆ ಬರೆಯಲಿ. ಗಾದೆಯಾದರೆ 'ಗಾದೆ' ಅಂತಲೇ ಬರೆಯಲಿ. ಮನೆಯಲ್ಲಿ ಯಾರು ಹೇಳುತ್ತಿದ್ದರು ಅಂತ ಸೇರಿಸಿದರೆ ಇನ್ನೂ ಚೆನ್ನ. ಗಾದೆಗೆ ದೊಡ್ಡವರ ಹೆಸರು ಅಂಟಿಸುವ ಅಗತ್ಯ ಇಲ್ಲ, ಗೇಯುವ ಜನ ಹೇಳಿದ್ದು ಅನ್ನೋದು ಕಡಿಮೆ ಗೌರವವಲ್ಲ.

ಎರಡನೆಯದು, ಪದಬಂಧದ ಪುಟವನ್ನು ಕತ್ತರಿಸಿ ಜೇಬಿಗೆ ಹಾಕಿಕೊಳ್ಳೋದು ನಿಲ್ಲಲಿ. ಯಾರಾದರೂ ಒಬ್ಬರು ಚೌಕವನ್ನು ದೊಡ್ಡ ಹಾಳೆಗೆ ಇಳಿಸಿ ಈ ಗೋಡೆಗೇ ಅಂಟಿಸಲಿ. ಪೆನ್ಸಿಲ್ಲಿನಲ್ಲಿ ಎಲ್ಲರೂ ತುಂಬೋಣ. ತಿಳಿಯದ ಪದವನ್ನು ಮನೆಗೆ ಹೊತ್ತುಕೊಂಡು ಹೋಗಿ ಅಜ್ಜಿ ತಾತಂದಿರನ್ನು ಕೇಳೋಣ.

ಮೂರನೆಯದು ಗುರುಗಳಲ್ಲಿ ಬೇಡಿಕೆ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಅರ್ಧ ಗಂಟೆ ಕೊಡಿ. ಆ ವಾರದ ಒಂದು ಸುಭಾಷಿತ ಆರಿಸಿ ಇದು ಯಾವಾಗ ನಿಜ, ಯಾವಾಗ ಅಲ್ಲ ಎಂದು ಮಾತಾಡೋಣ. ಪ್ರಶ್ನೆ ಕೇಳಿದರೆ ಹಿರಿಯರಿಗೆ ಅಗೌರವ ಅಂತ ದಯವಿಟ್ಟು ತಿಳಿಯಬೇಡಿ. ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಬರೆಯಲು ಹೇಗೂ ಕೇಳುತ್ತಾರೆ. ಗೈಡ್ ನೋಡಿ ಬರೆಯುವ ಬದಲು ನಮ್ಮದೇ ಮಾತಿನಲ್ಲಿ ಬರೆಯಬಹುದು.

ಮೊದಲನೇ ಶನಿವಾರಕ್ಕೆ ಪ್ರಶ್ನೆ ನಾನೇ ಕೊಡುತ್ತೇನೆ, ಅಂದರೆ ಅಕ್ಕ ಕೊಟ್ಟದ್ದು. ದಿನಾ ನಮಗೆಲ್ಲ ಅನ್ನ ಬೇಯಿಸಿ, ಪಾತ್ರೆ ಉಜ್ಜಿ ಕೈ ಒಡೆದುಕೊಂಡಿರುವ ಅವರು ಕೇಳಿದ್ದಾರೆ: ಕೈ ಕೆಸರು ಮಾಡಿಕೊಂಡವರಿಗೆಲ್ಲಾ ಮೊಸರು ಸಿಗುತ್ತದೆಯೇ? ಸಿಗದಿದ್ದರೆ ಆ ಮೊಸರು ಯಾರ ಬಾಯಿಗೆ ಹೋಗುತ್ತಿದೆ? ಇದಕ್ಕೆ ಉತ್ತರ ನಾಳೆಯ ಪೇಪರಿನಲ್ಲಿ ಬರಲ್ಲ. ಯೋಚನೆ ಮಾಡಿಕೊಂಡು ಬನ್ನಿ. ಅಕ್ಕನನ್ನೂ ಕರೆಯೋಣ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ