ಕವಿತೆಯನ್ನು ಇಡಿಯಾಗಿ ಓದೋಣ
2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಎಚ್.ಎಸ್. ಶಿವಪ್ರಕಾಶರ ಕವನ ಸಂಕಲನಕ್ಕೆ ಸಂದಿತು; ಅದೇ ವರ್ಷದ ಯುವ ಪುರಸ್ಕಾರ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’ಗೆ. 2015ರಲ್ಲಿ ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ಕ್ಕೆ ವಾರ್ಷಿಕ ಪ್ರಶಸ್ತಿ.

ಆದರೂ ‘ಕವಿತೆ ಯಾರು ಓದುತ್ತಾರೆ?’ ಎಂಬ ಮಾತು ನಿಂತಿಲ್ಲ.

ಓದುವವರಿದ್ದಾರೆ, ಮೊಬೈಲಿನಲ್ಲಿ, ಬಿಡಿಬಿಡಿಯಾಗಿ. ಅಲ್ಲಿ ತಟ್ಟನೆ ನಾಟುವ ಸಾಲಿಗಷ್ಟೇ ಮೆಚ್ಚುಗೆ. ಸಂಕಲನದಲ್ಲಿ ಕವಿಯ ತಡವರಿಕೆ, ಹಟ, ಮತ್ತೆ ಮತ್ತೆ ಕಾಡುವ ಪ್ರಶ್ನೆ ಎಲ್ಲವೂ ಸಿಗುತ್ತವೆ. ಒಂದೇ ಕಥೆಯ ಎಳೆಯಿಲ್ಲದೆ ಹರಿಯುವ ‘ಅಕ್ಷಯ ಕಾವ್ಯ’ವನ್ನಂತೂ ತುಣುಕಾಗಿ ಓದಿದರೆ ದಕ್ಕುವುದು ಅಷ್ಟಕ್ಕಷ್ಟೇ.

ಹೊಸಬರ ಪುಸ್ತಕಗಳಿಗೂ ಇಡಿಯಾಗಿ ಓದುವ ತಾಳ್ಮೆ ಸಲ್ಲಬೇಕು. ಸಾರ್ವಜನಿಕ ಗ್ರಂಥಾಲಯಗಳು ಚೊಚ್ಚಲ ಸಂಕಲನಗಳನ್ನು ಕಣ್ಣಿಗೆ ಬೀಳುವ ಕಪಾಟಿನಲ್ಲಿಡಲಿ, ಪತ್ರಿಕೆಗಳು ಕಥೆ-ಕಾದಂಬರಿಗೆ ಕೊಡುವಷ್ಟೇ ಜಾಗವನ್ನು ಅವುಗಳ ವಿಮರ್ಶೆಗೂ ಕೊಡಲಿ.