ಹಿಂದೆ ಉಳಿದವನಿಗಾಗಿ

ನಮ್ಮ ಬಡಾವಣೆಯ ಮನೆಗಳವರೆಲ್ಲ ಕೂಡಿ ಸೈಕಲ್ಲಿನಲ್ಲಿ ಒಂದು ದಿನದ ಪ್ರವಾಸ ಹೋಗಬೇಕೆಂಬುದು ಯುವಕರ ಬಹುದಿನದ ಬಯಕೆ. ಕಳೆದ ಮಾರ್ಗಶಿರದ ಒಂದು ಭಾನುವಾರ ಅದು ಕೈಗೂಡಿತು. ಹಿರಿಯರು ಕಿರಿಯರು ಸೇರಿ ಹದಿನೆಂಟು ಮಂದಿ ಬೆಳಗಿನ ಆರು ಗಂಟೆಗೆ ಶ್ರೀರಂಗಪಟ್ಟಣದ ಕೋಟೆಯ ಬಳಿ ನೆರೆದೆವು. ಮುಂದಾಳಾಗುವ ಹೊಣೆಯನ್ನು ನಮಗೆ ವಹಿಸಿದ್ದರು.

ಕಾವೇರಿಯು ಎರಡು ಕವಲಾಗಿ ಸುತ್ತುವರಿದ ಈ ದ್ವೀಪದ ಹಾದಿಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂಥವು. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯನ್ನು ಹಾದು ಗಂಜಾಮಿನ ಹೊಳೆಯ ದಂಡೆಗೆ ಹೋದೆವು. ಕರಿಘಟ್ಟದ ನೆತ್ತಿಯ ಮೇಲೆ ಎಳೆಬಿಸಿಲು ಬಿದ್ದುದನ್ನು ಕಂಡು ಮಕ್ಕಳು ಹರ್ಷಿಸಿದರು. ಬೆಂಗಳೂರು–ಮೈಸೂರು ದಶಪಥದ ಮುಖ್ಯ ಮಾರ್ಗದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಆದುದರಿಂದ ಒಳಹಾದಿಯನ್ನೇ ಹಿಡಿದು ಕಿರಂಗೂರಿನ ಮೂಲಕ ಪಾಂಡವಪುರದತ್ತ ಸಾಗಿದೆವು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಆಂಗ್ಲರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು.

ಊರು ದಾಟಿ ಕುಂತಿಬೆಟ್ಟದ ಮಗ್ಗುಲಿಗೆ ಬಂದಾಗ ಏರು ಆರಂಭವಾಯಿತು. ಗೇರುಳ್ಳ ಸೈಕಲ್ಲಿನವರು ಹುರುಪಿನಿಂದ ಮುಂದಾದರು. ಅವರಿಗಿಂತ ಮುಂದೆ ನಾವಿದ್ದೆವು. ಕೆರೆತೊಣ್ಣೂರಿನ ಏರಿಯ ಮೇಲೆ ನಿಂತು, ಬೆಟ್ಟಗಳ ನಡುವಿನ ತಿಳಿನೀರನ್ನು ನೋಡಿ ದಣಿವಾರಿಸಿಕೊಳ್ಳುವಾಗ ತಲೆ ಎಣಿಸಿದರೆ ಹದಿನೇಳು! ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಾಣಲಿಲ್ಲ.

ನಾವು ವಿಶ್ವೇಶ್ವರಯ್ಯ ನಾಲೆಯನ್ನು ದಾಟಿ ಬಂದಿದ್ದೆವು. 2018ರ ನವೆಂಬರ್ 24ರಂದು ಇದೇ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ಆ ನಾಲೆಗೆ ಉರುಳಿ 30 ಜನ ಅಸುನೀಗಿದ್ದನ್ನು ಮರೆತವರು ನಮ್ಮಲ್ಲಿ ಯಾರಿದ್ದರು? ಹುಡುಗನ ತಾಯಿ ಒಂದು ಮಾತನ್ನೂ ಆಡದೆ ಬಂದ ಹಾದಿಯನ್ನೇ ನೋಡುತ್ತ ನಿಂತರು. ಆ ಮೌನ ನಮ್ಮನ್ನು ಇರಿಯಿತು.

ಸೈಕಲ್ಲನ್ನು ತಿರುಗಿಸಿ ಇಳಿದೆವು. ದಾರಿಬದಿಯ ಆಲೆಮನೆಯೊಂದರ ಮುಂದೆ ಹುಡುಗ ಕುಳಿತಿದ್ದ. ಚೈನು ಕಳಚಿತ್ತು, ಕೂಡಿಸಲು ಹೋಗಿ ಬೆರಳು ತರಚಿತ್ತು. ಆಲೆಮನೆಯವರು ಗಾಯ ತೊಳೆದು ಕಬ್ಬಿನ ಹಾಲು ಕೊಟ್ಟಿದ್ದರು. “ಕೂಗ್ದೆ ದೊಡ್ಡಪ್ಪ, ಯಾರೂ ತಿರುಗ್ಲಿಲ್ಲ” ಎಂದನು. ನಮ್ಮ ಬಳಿ ಉತ್ತರವಿರಲಿಲ್ಲ.

ಮರಳುವಾಗ ಕ್ರಮವನ್ನೇ ಬದಲಿಸಿದೆವು. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಮುಂದೆ. ಪಂಪು, ಪಂಕ್ಚರ್ ಸಾಮಾನು, ಸ್ಪ್ಯಾನರ್ ಹಿಡಿದ ಬಲಿಷ್ಠರಿಬ್ಬರು ಕಟ್ಟಕಡೆಗೆ. ಕವಲುದಾರಿ ಬಂದಲ್ಲೆಲ್ಲ ನಿಂತು ಎಣಿಕೆ. ಇಳಿಜಾರಿನಲ್ಲಿ ಒಬ್ಬರಿಗೊಬ್ಬರು ಅಂತರ ಬಿಟ್ಟು, ಎರಡೂ ಬ್ರೇಕುಗಳನ್ನು ಮೆಲ್ಲನೆ ಹಿಡಿಯುವುದು. ಒಮ್ಮೆಲೇ ಮುಂದಿನ ಬ್ರೇಕನ್ನು ಬಿಗಿಹಿಡಿದರೆ ಸವಾರ ತಲೆಕೆಳಗಾಗಿ ಬೀಳಬಹುದು. ಕಬ್ಬು ಕಟಾವಿನ ಕಾಲದಲ್ಲಿ ಹಿಂದೀಪವಿಲ್ಲದ ಟ್ರಾಕ್ಟರುಗಳು ಎದುರಾಗುವುದರಿಂದ ಕತ್ತಲಾಗುವ ಮುನ್ನ ಊರು ಸೇರಲೇಬೇಕೆಂದು ನಿಶ್ಚಯಿಸಿದೆವು.

ಎಣಿಸಿದ್ದಕ್ಕಿಂತ ಒಂದು ಗಂಟೆ ತಡವಾಗಿ, ಆದರೆ ಸಂಜೆಯ ಬೆಳಕಿರುವಾಗಲೇ ಕೋಟೆಯ ಬಳಿಗೆ ಹಿಂದಿರುಗಿದೆವು. ಇಳಿದ ಕೂಡಲೇ ಹುಡುಗನ ತಾಯಿ ತಾವೇ ತಲೆ ಎಣಿಸಿದರು. ಹದಿನೆಂಟು.

ರಜೆಯಲ್ಲಿ ಮಕ್ಕಳೊಡನೆ ಹೀಗೆ ಹೊರಡಲಿರುವ ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ಗುಂಪಿನ ವೇಗವನ್ನು ಮುಂದಿನವನ ಕಾಲಿನಿಂದ ಅಳೆಯದಿರಿ, ಹಿಂದಿನವನ ಉಸಿರಿನಿಂದ ಅಳೆಯಿರಿ.